ಚಿಕ್ಕಣ್ಣನ ಎಪ್ಪತ್ತೊಂದು ಫ್ರೇಮು

ಜೂನ್ 3, ಸೋಮವಾರ

ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಒಂದು ಪುಸ್ತಕದಲ್ಲಿ ಬರೆದುಬಿಡಿ ಎಂದು ಬಿ.ಪಿ. ಡಾಕ್ಟರು ಹೇಳಿ ಮೂರು ತಿಂಗಳಾಯಿತು. ಪುಸ್ತಕ ಖಾಲಿಯೇ ಇತ್ತು. ಇವತ್ತು ಮಾವ ಬಂದರು.

ಅವರ ಮನೆಯ ನೆಲವನ್ನೆಲ್ಲ ಕಿತ್ತು ಹೊಸ ಟೈಲ್ಸ್ ಹಾಕಿಸುತ್ತಿದ್ದಾರೆ. ಐದು ವಾರದ ಕೆಲಸ. ಅಷ್ಟು ದಿನ ಮಗಳ ಮನೆ, ಅಂದರೆ ನನ್ನ ಮನೆ. ಬರಲಿ, ಬೇಡ ಅನ್ನುವವನು ನಾನಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುತ್ತಿದ್ದರು. ನನ್ನನ್ನು ‘ಅಳಿಯಂದಿರೇ’ ಎಂದೇ ಕರೆಯುತ್ತಾರೆ. ಇಷ್ಟು ಮರ್ಯಾದೆ ಕೊಡುವವರ ಜೊತೆ ಜಗಳ ಆಡುವುದೂ ಕಷ್ಟ.

ಚಹಾ ಕುಡಿಯುತ್ತ ಕೇಳಿದರು: “ಮದುವೆಯಾಗಿ ಒಂಬತ್ತು ವರ್ಷ ಆಯ್ತು. ನೀವು ಆಫೀಸಲ್ಲಿ ಏನು ಮಾಡ್ತೀರಿ ಅಂತ ನನಗಿನ್ನೂ ಸರಿಯಾಗಿ ಅರ್ಥ ಆಗಿಲ್ಲ ನೋಡಿ.”

ಹೇಳಿದೆ. ನಮ್ಮದು ಕಂಪ್ಯೂಟರ್ ಪತ್ರಿಕೆ. ಆಟದ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್. ಯಾವ ಕಾರ್ಡ್ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಮೂಡಿಸುತ್ತದೆ, ಅಂದರೆ ಎಷ್ಟು ಫ್ರೇಮು, ಅದನ್ನು ನಾನು ಅಳೆಯುತ್ತೇನೆ. ಒಂದೇ ಕಂಪ್ಯೂಟರಿಗೆ ಒಂದಾದ ಮೇಲೊಂದು ಕಾರ್ಡ್ ಹಾಕಿ, ಒಂದೇ ಆಟದಲ್ಲಿ, ಒಂದೇ ದಾರಿಯಲ್ಲಿ ಒಂದು ನಿಮಿಷ ಓಡುತ್ತೇನೆ. ಬಂದ ಅಂಕಿ ಬರೆಯುತ್ತೇನೆ. ವರ್ಷಕ್ಕೊಮ್ಮೆ ಹನ್ನೆರಡು ಕಾರ್ಡುಗಳ ದೊಡ್ಡ ಹೋಲಿಕೆ ಪ್ರಕಟವಾಗುತ್ತದೆ. ಅಂಗಡಿಯವರು ಆ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಪಟ್ಟಿಯ ಕೆಳಗೆ ನನ್ನ ಹೆಸರಿರುತ್ತದೆ, ಹನ್ನೊಂದು ವರ್ಷದಿಂದ.

“ಅಂದ್ರೆ ತೂಕ ಹಾಕೋದು” ಎಂದರು.

“ಹಾಗೇ ಅಂದ್ಕೊಳ್ಳಿ, ಮಾವ.”

“ಒಂದೊಂದನ್ನ ಎಷ್ಟು ಸಲ ತೂಗ್ತೀರಿ?”

“ಒಂದು ಸಲ. ಅನುಮಾನ ಬಂದ್ರೆ ಎರಡು.”

ಅವರು ‘ಹ್ಮ್’ ಎಂದರು. ಅಷ್ಟೇ. ಬೇರೇನೂ ಅನ್ನಲಿಲ್ಲ. ಆ ಒಂದು ‘ಹ್ಮ್’ಗೆ ನನ್ನ ಬಿ.ಪಿ. ಏರಿದ್ದು ನನಗೇ ಕೇಳಿಸಿತು. ಅದಕ್ಕೇ ಈ ಪುಸ್ತಕ.

ಜೂನ್ 5, ಬುಧವಾರ

ಅಂಕಿ ಬರೆದುಕೊಳ್ಳುತ್ತಿದ್ದ ಹುಡುಗಿ ಹೆರಿಗೆ ರಜೆಯ ಮೇಲೆ ಹೋದಳು. ವಾರ್ಷಿಕ ಹೋಲಿಕೆಗೆ ಉಳಿದಿರುವುದು ಮೂರು ವಾರ. ಊಟದ ಹೊತ್ತಿಗೆ ಇದನ್ನು ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

“ರೀ, ಅಪ್ಪನ್ನ ಕರ್ಕೊಂಡು ಹೋಗಿ” ಎಂದಳು ಹೆಂಡತಿ. ಅವಳು ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. “ಬೆಳಿಗ್ಗೆಯಿಂದ ಅಡುಗೆಮನೇಲಿ ನಿಂತು ನನ್ನ ತಲೆ ತಿಂತಿದಾರೆ. ಒವನ್ ನೂರಾ ಎಂಬತ್ತು ಅಂತ ತೋರಿಸಿದ್ರೆ ನಿಜವಾಗ್ಲೂ ನೂರಾ ಎಂಬತ್ತೇನಾ ಅಂತೆ.”

ಸಂಪಾದಕಿ ಮೇಡಂಗೆ ಫೋನ್ ಮಾಡಿ ಕೇಳಿದೆ, ಬೇಡ ಅನ್ನುತ್ತಾರೆಂಬ ಆಸೆಯಲ್ಲಿ. ಅವರು ತಕ್ಷಣ ಒಪ್ಪಿಬಿಟ್ಟರು.

ಜೂನ್ 7, ಶುಕ್ರವಾರ

ನನ್ನ ಕೋಣೆಗೆ ನೆಂಟರನ್ನು ಕರೆದುಕೊಂಡು ಹೋದದ್ದು ಇದೇ ಮೊದಲು. ಎರಡು ಮೇಜು, ಗೋಡೆಯುದ್ದಕ್ಕೂ ಕಾರ್ಡುಗಳ ಡಬ್ಬಗಳು, ಹೊದಿಕೆ ಇಲ್ಲದೆ ಕರುಳೆಲ್ಲ ಹೊರಗಿಟ್ಟುಕೊಂಡ ಟೆಸ್ಟ್ ಕಂಪ್ಯೂಟರು. ಮಾವ ಚಪ್ಪಲಿ ಬಾಗಿಲಲ್ಲೇ ಬಿಟ್ಟರು. ಬ್ಯಾಗಿನಿಂದ ಒಂದು ಥರ್ಮಾಮೀಟರ್ ತೆಗೆದು ಮೊಳೆಗೆ ನೇತುಹಾಕಿದರು. ಎ.ಸಿ. ಇಪ್ಪತ್ತನಾಲ್ಕಕ್ಕೆ ಇಡಿಸಿ, ಅಷ್ಟಕ್ಕೆ ಇಳಿಯುವ ತನಕ ಅರ್ಧ ಗಂಟೆ ನನ್ನನ್ನು ಸುಮ್ಮನೆ ಕೂರಿಸಿದರು.

ಆಮೇಲೆ ಓಡಿದೆ. ಅದು ಸಮುದ್ರ ತೀರದ ಒಂದು ಪಟ್ಟಣ, ಕುದುರೆ ಸವಾರನ ಆಟ. ಬಾವಿಯಿಂದ ಹೊರಟು, ಸೇತುವೆ ದಾಟಿ, ಸಂತೆ ಬೀದಿಯ ತುದಿವರೆಗೆ. ನಾಲ್ಕು ವರ್ಷದಿಂದ ಇದೇ ದಾರಿ. ಕಣ್ಣು ಕಟ್ಟಿದರೂ ಹೋಗಿಬರುವೆ.

ತೊಂಬತ್ತೊಂದು ಫ್ರೇಮು ಬಂತು.

“ಇನ್ನೊಂದ್ಸಲ” ಎಂದರು. ಎಂಬತ್ತೆಂಟು.

“ಇನ್ನೊಂದ್ಸಲ.” ಎಂಬತ್ತಾರು. ಆಮೇಲೆ ಅಲ್ಲಿಂದ ಇಳಿಯಲಿಲ್ಲ.

ಕಾರ್ಡು ಬಿಸಿಯಾದಂತೆ ನಿಧಾನವಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಮೊದಲ ಅಂಕಿಯನ್ನೇ ಅಚ್ಚು ಹಾಕುತ್ತಿದ್ದೆ, ಏಕೆಂದರೆ ಎಲ್ಲ ಕಾರ್ಡಿಗೂ ಹಾಗೇ ಮಾಡುತ್ತಿದ್ದೆ. ಮಾವ ಹೇಳಿದ್ದು ಇಷ್ಟೇ: “ಆಟ ಆಡೋರು ಒಂದು ನಿಮಿಷಕ್ಕೆ ಎದ್ದು ಹೋಗ್ತಾರಾ, ಅಳಿಯಂದಿರೇ?” ಅಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. “ನೋಡಿ, ಈ ಬುದ್ಧಿ ನಮಗೆ ಇಷ್ಟು ವರ್ಷ ಬರಲಿಲ್ಲವಲ್ಲ” ಎಂದರು. ‘ನಮಗೆ’ ಎಂದದ್ದು ಬಾಯಿ ಮಾತಿಗೆ. ನೋಡಿದ್ದು ನನ್ನನ್ನು.

ಜೂನ್ 8, ಶನಿವಾರ

ಹೆಂಡತಿಯ ತೂಕದ ಯಂತ್ರದಲ್ಲಿ ಹದಿನೆಂಟು ಗ್ರಾಂ ತಪ್ಪಿತ್ತಂತೆ. ಅಪ್ಪ ಸರಿಮಾಡಿಕೊಟ್ಟರಂತೆ. ಇವತ್ತಿನ ಕೇಕ್ ಹೂವಿನ ಹಾಗೆ ಬಂದಿದೆಯಂತೆ. ಒಂಬತ್ತು ವರ್ಷ ಅವಳ ಕೇಕ್ ಚೆನ್ನಾಗಿದೆ ಎಂದು ಹೇಳಿದವನು ನಾನು. ಈಗ ಅದಕ್ಕೆ ಬೆಲೆಯಿಲ್ಲ.

ನನಗೆ ಎರಡು ತುಂಡು ಕೊಟ್ಟಳು. ಚೆನ್ನಾಗಿತ್ತು. ಹೇಳಲಿಲ್ಲ.

ಜೂನ್ 11, ಮಂಗಳವಾರ

ಇಂಥ ದಿನ ವರ್ಷಕ್ಕೊಂದಾದರೂ ಬರಬೇಕು.

ಮಾವ ತಾವೂ ಒಮ್ಮೆ ಓಡಿ ನೋಡುತ್ತೇನೆ ಎಂದರು. ಬನ್ನಿ ಬನ್ನಿ ಎಂದು ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ. ಮೌಸನ್ನು ಅವರು ಹಿಡಿದದ್ದು ಓಡಿಹೋಗುವ ಇಲಿಯನ್ನು ಅದುಮಿಟ್ಟಂತೆ. ಕುದುರೆ ಮೊದಲು ಬಾವಿಕಟ್ಟೆಗೆ ಗುದ್ದಿತು. ಆಮೇಲೆ ಹಿಂದಕ್ಕೆ ನಡೆಯಿತು. ಸೇತುವೆ ಬಂದದ್ದೇ ತಡ, ಸವಾರನೂ ಕುದುರೆಯೂ ಸಮುದ್ರದಲ್ಲಿ. ನಾಲ್ಕು ಸಲ ಓಡಿದರು, ನಾಲ್ಕೂ ಸಲ ಸಮುದ್ರದಲ್ಲಿ.

“ಇದಕ್ಕೆ ಬ್ರೇಕ್ ಎಲ್ಲಿದೆ, ಅಳಿಯಂದಿರೇ?”

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಪಕ್ಕದ ವಿಭಾಗದವರನ್ನೆಲ್ಲ ಕರೆದು ತೋರಿಸಿದೆ. ಮಾವನೂ ನಕ್ಕರು. ಮೂವತ್ತೊಂದು ವರ್ಷದಲ್ಲಿ ತಾವು ಬರೆದ ಒಂದು ಅಂಕಿಯನ್ನೂ ಹೊಡೆದುಹಾಕಿಲ್ಲವೆಂದು ನಿನ್ನೆಯಷ್ಟೇ ಹೇಳಿಕೊಂಡಿದ್ದರು. ಇವತ್ತು ನೋಡಿದರೆ ಕುದುರೆ ಸಮೇತ ಮುಳುಗಿದರು. ಮನೆಗೆ ಬರುವಾಗ ದಾರಿಯಲ್ಲಿ ಅವರಿಗೆ ಬಾಳೆಹಣ್ಣು ಕೊಡಿಸಿದೆ. ಅವರ ಮೇಲೆ ನನಗೇನೂ ದ್ವೇಷವಿಲ್ಲ, ಒಳ್ಳೆಯ ಮನುಷ್ಯ.

ಜೂನ್ 13, ಗುರುವಾರ

ಒಳ್ಳೆಯ ಮನುಷ್ಯನಂತೆ!

ಎರಡು ದಿನದಿಂದ ಬೆಳಿಗ್ಗೆ ಐದೂವರೆಗೆ ಎದ್ದು, ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿನಲ್ಲಿ, ಅಭ್ಯಾಸ ಮಾಡಿದ್ದಾರೆ. ಒಂದು ರಟ್ಟಿನ ಮೇಲೆ ದಾರಿ ಬರೆದುಕೊಂಡಿದ್ದಾರೆ. ಬಾವಿಯಿಂದ ನೇರ ಆರು ಸೆಕೆಂಡು. ಬಲಕ್ಕೆ. ಸೇತುವೆಯ ಮೂರನೇ ಕಂಬದ ಹತ್ತಿರ ಎಡಕ್ಕೆ. ಕಣ್ಣು ಯಾವಾಗಲೂ ಸವಾರನ ಟೋಪಿಯ ಮಟ್ಟದಲ್ಲಿ. ಅವರ ಮಗಳು, ಅಂದರೆ ನನ್ನ ಹೆಂಡತಿ, ಪಕ್ಕದಲ್ಲಿ ಕೂತು ಗಡಿಯಾರ ಹಿಡಿದು ಸೆಕೆಂಡು ಎಣಿಸಿದ್ದಾಳೆ. ನಾನು ಮಲಗಿದ್ದೆ.

ಇವತ್ತು ಆಫೀಸಿನಲ್ಲಿ ಓಡಿದರು. ಆ ಓಟದಲ್ಲಿ ರುಚಿಯೇ ಇಲ್ಲ. ಅಷ್ಟು ಚೆಂದದ ಸಂತೆ ಬೀದಿ, ಆಚೆ ಸಮುದ್ರದಲ್ಲಿ ಸೂರ್ಯ ಮುಳುಗುತ್ತಿದ್ದಾನೆ, ಇವರು ಅಂಚೆಯವನ ಹಾಗೆ ಹೋಗಿ ಬಂದರು. ಎಂಬತ್ತಾರು. ಮತ್ತೆ ಓಡಿದರು, ಎಂಬತ್ತಾರು. ಮತ್ತೆ, ಎಂಬತ್ತಾರು. ಆಮೇಲೆ ನಾನು ಓಡಿದೆ. ಎಂಬತ್ತಾರು, ಎಂಬತ್ತೊಂಬತ್ತು, ಎಂಬತ್ತೈದು.

ಮೇಡಂ ಎರಡೂ ಸಾಲು ನೋಡಿದರು. “ಒಂದು ಕೆಲಸ ಮಾಡೋಣ. ಈ ಸಲ ಓಟ ಯಜಮಾನರೇ ಓಡಲಿ. ನೀವು ಬರ್ಕೊಳ್ಳಿ” ಎಂದರು. ಎಷ್ಟು ಸಲೀಸಾಗಿ ಹೇಳಿದರೆಂದರೆ, ಕಿಟಕಿ ಸ್ವಲ್ಪ ತೆಗೆಯಿರಿ ಎಂದಂತೆ.

“ಬೇಡಿ ಮೇಡಂ, ಅಳಿಯಂದಿರ ಕೆಲಸ ಅದು” ಎಂದು ಮಾವ ಎರಡು ಸಲ ಹೇಳಿದರು. ಮೂರನೇ ಸಲ ಹೇಳಬಹುದಿತ್ತು.

ಹೊಟ್ಟೆ ಉರಿಯುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಎಂದಿದ್ದ ಡಾಕ್ಟರು ಯಾರ ಅಳಿಯನೋ ಗೊತ್ತಿಲ್ಲ.

ಜೂನ್ 14, ಶುಕ್ರವಾರ

ಬರೆದುಕೊಂಡೆ. ನೂರಾ ನಾಲ್ಕು, ನೂರಾ ನಾಲ್ಕು, ನೂರಾ ನಾಲ್ಕು.

ಜೂನ್ 18, ಮಂಗಳವಾರ

ಇವತ್ತು ಚಿಕ್ಕಣ್ಣನ ಸರದಿ.

ಚಿಕ್ಕಣ್ಣ ಎಂದರೆ ನಾನು ಹೆಸರಿಟ್ಟ ಕಾರ್ಡು. ಅಂಗೈಗಿಂತ ಸ್ವಲ್ಪ ಉದ್ದ, ಒಂದೇ ಫ್ಯಾನು, ಬಣ್ಣವಿಲ್ಲ, ದೀಪವಿಲ್ಲ. ಎರಡು ವರ್ಷದ ಹಿಂದೆ ಅದು ಬಂದಾಗ ಯಾರೂ ತಿರುಗಿ ನೋಡಿರಲಿಲ್ಲ. ನಾನು ನೋಡಿದೆ. ಮೂರು ಫ್ಯಾನು, ಮೈತುಂಬ ಮಿಣಮಿಣ ದೀಪ ಹಾಕಿಕೊಂಡು ಮೆರೆಯುವ ಗಜರಾಜನಿಗೆ (ಇದೂ ನನ್ನದೇ ಹೆಸರು) ಚಿಕ್ಕಣ್ಣ ಸರಿಸಾಟಿ ಎಂದು ಬರೆದೆ. ಹೋದ ವರ್ಷದ ಪಟ್ಟಿಯಲ್ಲಿ ಚಿಕ್ಕಣ್ಣನಿಗೆ ಎಪ್ಪತ್ತೆಂಟು, ಗಜರಾಜನಿಗೆ ಎಪ್ಪತ್ತೊಂಬತ್ತು. ಅದನ್ನು ಓದಿ ಎಷ್ಟು ಜನ ಚಿಕ್ಕಣ್ಣನನ್ನು ಕೊಂಡರೋ ಲೆಕ್ಕವಿಲ್ಲ. ಪತ್ರಿಕೆಯಲ್ಲಿ ನನಗೊಂದು ಹೆಸರು ಬಂದಿದ್ದರೆ ಅದು ಚಿಕ್ಕಣ್ಣನಿಂದ.

ಮಾವ ಓಡಿದರು. ಎಪ್ಪತ್ತೊಂದು, ಎಪ್ಪತ್ತೊಂದು, ಎಪ್ಪತ್ತೊಂದು. ಗಜರಾಜನಿಗೆ ಎಂಬತ್ತು.

ನನ್ನ ಕೈಯಲ್ಲಿದ್ದ ಪೆನ್ನು ಬರೆಯಲೇ ಇಲ್ಲ. ಎದ್ದು ನಿಂತೆ. ಡಾಕ್ಟರು ಹೇಳಿದ್ದೆಲ್ಲ ಮರೆತುಹೋಯಿತು. “ಆಟ ಅಂದ್ರೆ ಏನು ಅಂತ ಗೊತ್ತಿಲ್ಲದೋರ ಕೈಗೆ ಮೌಸ್ ಕೊಟ್ರೆ ಇನ್ನೇನಾಗತ್ತೆ! ಇದು ಸಕ್ಕರೆ ಮೂಟೆ ಅಲ್ಲ ಮಾವ, ತೂಗಿ ಎತ್ತಿಡೋಕೆ!” ಎಂದು ಕಿರುಚಿದೆ. ಮೇಡಂ ಓಡಿಬಂದರು. ಅವರ ಎದುರಿಗೂ ಅದನ್ನೇ ಹೇಳಿದೆ, ಇನ್ನೂ ಜೋರಾಗಿ.

ಮಾವನ ಕಿವಿ ಕೆಂಪಾಗಿತ್ತು. ಆದರೂ ದನಿ ಏರಲಿಲ್ಲ. “ಇರಬಹುದು ಮೇಡಂ. ನನ್ನ ಕೈಯೇ ತಪ್ಪಿರಬಹುದು. ಒಂದು ಬಟ್ಟೆ ಮುಚ್ಚೋಣ. ಯಾವ ಕಾರ್ಡು ಹಾಕಿದೀವಿ ಅಂತ ಓಡೋರಿಗೆ ಗೊತ್ತಾಗಬಾರದು. ನಾನೂ ಓಡ್ತೀನಿ, ಅವರೂ ಓಡಲಿ. ಆಮೇಲೆ ನೀವು ಹೇಳಿದ್ದು ನಾವಿಬ್ಬರೂ ಕೇಳೋಣ.”

ಶುಕ್ರವಾರ ಎಂದು ನಿಶ್ಚಯವಾಯಿತು. ಹೆಂಡತಿ ಸಂಜೆಯಿಂದ ಮಾತು ಬಿಟ್ಟಿದ್ದಾಳೆ. ಅಪ್ಪ ಹೇಳಿರಲಿಕ್ಕಿಲ್ಲ. ನನ್ನ ಮುಖವೇ ಹೇಳಿರಬೇಕು.

ಜೂನ್ 20, ಗುರುವಾರ

ಒಂದು ವಿಷಯ ನೆನಪಾಗಿ ಮನಸ್ಸು ಹಗುರಾಯಿತು. ಚಿಕ್ಕಣ್ಣನ ಫ್ಯಾನು ವೇಗ ಹಿಡಿದಾಗ ಸಣ್ಣಗೆ ಕುಂಯ್ ಎನ್ನುತ್ತದೆ. ಗಜರಾಜ ಹಾಗೆ ಮಾಡುವುದಿಲ್ಲ. ಬಟ್ಟೆ ಮುಚ್ಚಿದರೇನು, ಕಿವಿಯಿದೆಯಲ್ಲ.

ಇದು ಮೋಸವಲ್ಲ. ನಾನು ಕೇಳಲು ಹೋಗುವುದಿಲ್ಲ. ಕೇಳಿಸಿದರೆ ನಾನೇನು ಮಾಡಲಿ?

ಜೂನ್ 21, ಶುಕ್ರವಾರ

ಗೆದ್ದೆ!

ಮೇಡಂ ತಾವೇ ಕಾರ್ಡು ಹಾಕಿ ಬಟ್ಟೆ ಮುಚ್ಚಿದರು. ಆಗ ನಮ್ಮಿಬ್ಬರನ್ನೂ ಆಚೆ ಕಳಿಸಿದ್ದರು. ಮೊದಲನೆಯದಕ್ಕೆ ಮಾವನಿಗೆ ಎಪ್ಪತ್ತೊಂದು, ನನಗೆ ಎಪ್ಪತ್ತೇಳು. ಎರಡನೆಯದಕ್ಕೆ ಮಾವನಿಗೆ ಎಂಬತ್ತು, ನನಗೆ ಎಪ್ಪತ್ತೊಂಬತ್ತು. ಬಟ್ಟೆ ತೆಗೆದಾಗ ಮೊದಲನೆಯದು ಚಿಕ್ಕಣ್ಣ. ಹೋದ ವರ್ಷ ಎಪ್ಪತ್ತೆಂಟು, ಈ ವರ್ಷ ಎಪ್ಪತ್ತೇಳು. ನನ್ನ ಕೈ ಅಂದರೆ ಕೈ.

ಮೇಡಂ ತಲೆ ಕೆರೆದುಕೊಂಡರು. ಕೊನೆಗೆ, “ಆಟ ಬಲ್ಲವರ ಅಂಕಿಯನ್ನೇ ಇಟ್ಕೊಳ್ಳೋಣ. ಯಜಮಾನರೇ, ಬೇಜಾರಿಲ್ಲ ತಾನೆ?” ಎಂದರು. ಮಾವ ನನ್ನ ಕುರ್ಚಿ ಬಿಟ್ಟು ಎದ್ದು, ಬರೆದುಕೊಳ್ಳುವ ಮೇಜಿಗೆ ಹೋಗಿ ಕೂತರು. ಹೋಲಿಕೆ ಮತ್ತೆ ನನ್ನದು.

ಫ್ಯಾನಿನ ಸದ್ದು ಕೇಳಿಸಿತೇ ಎಂದರೆ, ಕೇಳಿಸಿತು. ಅದಕ್ಕೂ ಓಟಕ್ಕೂ ಏನು ಸಂಬಂಧ?

ಮನೆಗೆ ಬರುವಾಗ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಗೆದ್ದವನಿಗೆ ಒಂದು ಮಾತು ಚೆನ್ನಾಗಿತ್ತು ಅನ್ನಬಹುದಿತ್ತು. ಅನ್ನಲಿಲ್ಲ. ದೊಡ್ಡವರಿಗೂ ಹೊಟ್ಟೆಕಿಚ್ಚು ಇರುತ್ತದೆ.

ಜೂನ್ 24, ಸೋಮವಾರ

ಪ್ರತಿ ಓಟವನ್ನೂ ಪಕ್ಕದ ಕಂಪ್ಯೂಟರು ವಿಡಿಯೋ ಮಾಡಿಕೊಳ್ಳುತ್ತದೆ. ಹೋಲಿಕೆಯ ಜೊತೆ ವೆಬ್‌ಸೈಟಿನಲ್ಲಿ ಹಾಕಲು ಒಂದೆರಡನ್ನು ಬಳಸುತ್ತೇವೆ, ಉಳಿದದ್ದನ್ನು ಯಾರೂ ತೆರೆಯುವುದಿಲ್ಲ. ಈ ಸಲ ಚಿಕ್ಕಣ್ಣನನ್ನೂ ಗಜರಾಜನನ್ನೂ ಅಕ್ಕಪಕ್ಕ ಇಟ್ಟು ತೋರಿಸೋಣ ಎನಿಸಿತು. ಮಾವನೂ ನೋಡಲಿ ಎಂದು. ಶುಕ್ರವಾರದ ನನ್ನ ಎರಡು ಓಟಗಳನ್ನು ತೆರೆದು ಎಡಕ್ಕೊಂದು ಬಲಕ್ಕೊಂದು ಇಟ್ಟೆ.

ಬಾವಿಯಿಂದ ಎರಡೂ ಜೊತೆಗೆ ಹೊರಟವು. ಸೇತುವೆ ಜೊತೆಗೆ ದಾಟಿದವು. ಸಂತೆ ಬೀದಿ ಬಂತು. ಎಡಗಡೆ, ಚಿಕ್ಕಣ್ಣನ ಓಟದಲ್ಲಿ, ತೆರೆಯ ತುಂಬ ಬರೀ ಕಲ್ಲುಹಾಸು. ಬಲಗಡೆ, ಗಜರಾಜನ ಓಟದಲ್ಲಿ, ಸಂತೆಯ ಜನ, ಅಂಗಡಿಗಳ ಬಣ್ಣಬಣ್ಣದ ಛಾವಣಿ, ಆಚೆ ಹಡಗುಗಳು, ನೀರು, ಮುಳುಗುವ ಸೂರ್ಯ.

ಮತ್ತೆ ಮೊದಲಿಂದ ನೋಡಿದೆ. ಮತ್ತೆ ನೋಡಿದೆ.

ಈ ಕೆಲಸ ಮಾಡುವ ಯಾರಿಗಾದರೂ ಗೊತ್ತು. ನೆಲ ನೋಡಿಕೊಂಡು ಹೋದರೆ ಕಾರ್ಡಿಗೆ ಕೆಲಸವೇ ಇಲ್ಲ, ಫ್ರೇಮು ಏರುತ್ತದೆ. ತಲೆ ಎತ್ತಿ ಜನ, ನೀರು, ದೂರ ನೋಡಿದರೆ ಕಾರ್ಡಿನ ಬೆನ್ನು ಮುರಿಯುತ್ತದೆ. ಚಿಕ್ಕಣ್ಣ ಎಂದು ಗೊತ್ತಾದಾಗ ನನ್ನ ಕೈ ಸವಾರನ ತಲೆ ತಗ್ಗಿಸಿದೆ. ಗಜರಾಜ ಎಂದಾಗ ತಲೆ ಎತ್ತಿದೆ. ನಾನು ಹಾಗೆ ಮಾಡಬೇಕೆಂದು ಮಾಡಿಲ್ಲ. ಆಣೆಗೂ ಇಲ್ಲ.

ಹೋದ ವರ್ಷದ್ದು ತೆರೆದೆ. ಕಲ್ಲುಹಾಸು. ಅದರ ಹಿಂದಿನ ವರ್ಷ, ಚಿಕ್ಕಣ್ಣ ಮೊದಲ ಸಲ ಬಂದಾಗಿನದು. ಕಲ್ಲುಹಾಸು. ಆ ಸಂತೆ ಬೀದಿಯ ಒಂದೊಂದು ಕಲ್ಲೂ ನನಗೆ ಪರಿಚಯ. ಏಕೆಂದು ಇವತ್ತು ಗೊತ್ತಾಯಿತು.

ಮಾವ ಅಲ್ಲೇ ಇದ್ದರು, ಬೆನ್ನು ತಿರುಗಿಸಿ ಏನೋ ಬರೆಯುತ್ತಿದ್ದರು. ಗಬಕ್ಕನೆ ಮುಚ್ಚಿಬಿಟ್ಟೆ.

ಜೂನ್ 25, ಮಂಗಳವಾರ

ವಿಡಿಯೋವನ್ನು ಮೂವತ್ತೈದನೇ ಸೆಕೆಂಡಿಗೆ ಕತ್ತರಿಸಿದೆ. ಸೇತುವೆ ದಾಟುವವರೆಗೆ ಮಾತ್ರ. ನೋಡುವವರಿಗೆ ಅಷ್ಟು ಸಾಕು.

ತಲೆನೋವು.

ಜೂನ್ 26, ಬುಧವಾರ

ಮಾವ ಶೌಚಕ್ಕೆ ಹೋದಾಗ ಅವರ ಪುಸ್ತಕ ತೆರೆದು ನೋಡಿದೆ. ಇನ್ನೊಬ್ಬರ ಪುಸ್ತಕ ನೋಡಬಾರದು, ನನ್ನ ಈ ಪುಸ್ತಕವನ್ನು ಅವರು ನೋಡಿದರೆ ನಾನು ಸುಮ್ಮನಿರುತ್ತೇನೆಯೇ? ಆದರೂ ನೋಡಿದೆ. ನನ್ನ ಬಗ್ಗೆ ಏನಾದರೂ ಬರೆದಿರಬಹುದು ಎಂಬ ಗುಮಾನಿ.

ಬರೆದಿದ್ದದ್ದು ಅಂಕಿ ಮಾತ್ರ. ಮುತ್ತು ಪೋಣಿಸಿದ ಹಾಗೆ. ‘ಓಡಿದವರು’ ಎಂದು ಒಂದು ಕಂಬಸಾಲು ಎಳೆದಿದ್ದಾರೆ, ಅದರ ಕೆಳಗೆ ನಾನು ಓಡಿದ್ದಕ್ಕೆಲ್ಲ ‘ಅಳಿಯಂದಿರು’ ಎಂದು ಬರೆದಿದ್ದಾರೆ. ಚಿಕ್ಕಣ್ಣನ ಸಾಲಿಗೆ ಬಂದೆ. ಅವರ ಎಪ್ಪತ್ತೊಂದರ ಮೇಲೆ ಒಂದು ಗೀಟು. ಸ್ಕೇಲ್ ಇಟ್ಟು ಎಳೆದ ನೇರ ಗೀಟು. ಪಕ್ಕದಲ್ಲಿ ನನ್ನ ಎಪ್ಪತ್ತೇಳು.

ಮೂವತ್ತೊಂದು ವರ್ಷ ಒಂದು ಅಂಕಿಯನ್ನೂ ಹೊಡೆದುಹಾಕದ ಮನುಷ್ಯ, ಸರಿಯಾಗಿದ್ದದ್ದನ್ನು ಹೊಡೆದುಹಾಕಿದ್ದಾರೆ. ಅದೂ ನನಗೋಸ್ಕರ.

ಇಂಥದ್ದನ್ನು ಮಾಡಿ ಮನುಷ್ಯ ನೆಮ್ಮದಿಯಾಗಿ ಇರಲಾರ. ನನ್ನ ಮಾತು ಹೇಳುತ್ತಿದ್ದೇನೆ.

ಅವರು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಎರಡೂ ವಿಡಿಯೋ ಅಕ್ಕಪಕ್ಕ ಹಾಕಿದೆ, ಪೂರ್ತಿ ಅರವತ್ತು ಸೆಕೆಂಡು. ಅವರು ನಿಂತೇ ನೋಡಿದರು. ಸಂತೆ ಬೀದಿ ಬಂದಾಗ ಕಣ್ಣು ತೆರೆಯಿಂದ ತೆಗೆದು ಥರ್ಮಾಮೀಟರ್ ನೋಡಿದರು.

“ನಿಮಗೆ ಮೊದಲೇ ಗೊತ್ತಿತ್ತಾ, ಮಾವ?”

“ಗೊತ್ತಿತ್ತು ಅಂದ್ರೆ ನಿಮಗೆ ಬೇಜಾರು. ಇಲ್ಲ ಅಂದ್ರೆ ಸುಳ್ಳಾಗತ್ತೆ.”

“ಮತ್ತೆ ಮೇಡಂ ಎದುರಿಗೆ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ನಾಲಿಗೆ ಬರಲಿಲ್ಲ.” ಕುರ್ಚಿ ಎಳೆದುಕೊಂಡು ಕೂತರು. “ನನ್ನ ತಮ್ಮಂದು ಒಂದು ಕಿರಾಣಿ ಅಂಗಡಿ ಇತ್ತು. ಆರು ವರ್ಷ ಅವನ ತಕ್ಕಡಿಗೆ ನಾನೇ ಮುದ್ರೆ ಒತ್ತಿದ್ದೆ. ನೋಡದೇ ಒತ್ತಿದ್ದೆ, ನನ್ನ ತಮ್ಮ ಅಂತ. ಬೇರೆ ಇನ್ಸ್‌ಪೆಕ್ಟರ್ ಬಂದು ತೂಗಿದ್ರೆ ಕಿಲೋಗೆ ಮೂವತ್ತು ಗ್ರಾಂ ಕಡಿಮೆ. ಅವನು ಮೋಸಗಾರ ಅಲ್ಲ, ಅಳಿಯಂದಿರೇ. ಅದು ತಪ್ಪು ತೋರಿಸ್ತಿದೆ ಅಂತ ಅವನಿಗೂ ಗೊತ್ತಿರಲಿಲ್ಲ. ಪೇಟೆಯವರೆಲ್ಲ ಅವನಿಗೆ ಕಳ್ಳ ಅಂತ ಹೆಸರಿಟ್ರು. ಅಂಗಡಿ ಮುಚ್ಚಿದ.”

“ನೀವು ಹೇಳಲಿಲ್ಲವಾ, ತಪ್ಪು ನಂದು ಅಂತ?”

“ಹೇಳಬೇಕಿತ್ತು” ಎಂದರು.

ಚಹಾ ತರಿಸಿದೆ. ಇಬ್ಬರೂ ಕುಡಿದೆವು.

ಜೂನ್ 27, ಗುರುವಾರ

ಮೇಡಂಗೆ ಹೇಳಿದೆ. ವಿಡಿಯೋ ತೋರಿಸಿದೆ. ಫ್ಯಾನಿನ ಸದ್ದು ಕೇಳಿಸಿತ್ತು ಎನ್ನುವುದನ್ನೂ ಹೇಳಿದೆ, ಅದನ್ನು ಮುಚ್ಚಿಟ್ಟರೂ ನಡೆಯುತ್ತಿತ್ತು. ಮೂವತ್ತೈದು ಸೆಕೆಂಡಿಗೆ ಕತ್ತರಿಸಿದ್ದನ್ನೂ ಹೇಳಿದೆ.

ಅವರು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಚಿಕ್ಕಣ್ಣನ್ನ ಎಷ್ಟು ಜನ ತಗೊಂಡಿದಾರೋ” ಎಂದರು. ಆಮೇಲೆ ಕೆಲಸದ ಮಾತು. ತಪ್ಪೊಪ್ಪಿಗೆ ಮೊದಲ ಪುಟದಲ್ಲಿ ಬರಬೇಕು, ಅದನ್ನು ನಾನೇ ಬರೆಯಬೇಕು. ಹನ್ನೆರಡೂ ಕಾರ್ಡುಗಳ ಓಟ ಮಾವನೇ ಮತ್ತೆ ಓಡಬೇಕು. ಸಂಚಿಕೆ ನಾಲ್ಕು ದಿನ ತಡವಾಗುತ್ತದೆ. ಮುಂದಿನ ವರ್ಷದ ಹೋಲಿಕೆ ಯಾರ ಕೈಗೆ ಎನ್ನುವುದನ್ನು ಆಮೇಲೆ ನೋಡೋಣ.

‘ಆಮೇಲೆ ನೋಡೋಣ’ ಎಂದರೆ ಏನು ಅರ್ಥ ಎಂದು ನನಗೆ ಗೊತ್ತು.

ಮನೆಯಲ್ಲಿ ಹೆಂಡತಿಗೂ ಹೇಳಿದೆ. ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. “ನಂಗೆ ಮೊದಲೇ ಹೇಳಬಾರದಾಗಿತ್ತಾ ರೀ?” ಎಂದಳು. ಒಂಬತ್ತು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಅವಳ ಕೇಕ್ ಚೆನ್ನಾಗಿದೆ ಎಂದೆ. ಇದೇನು ಈಗ ಎಂದಳು.

ಜುಲೈ 1, ಸೋಮವಾರ

ಮೂರು ದಿನ, ಹನ್ನೆರಡು ಕಾರ್ಡು, ಒಂದೊಂದಕ್ಕೆ ಐದು ಓಟ. ಬಟ್ಟೆ ಮುಚ್ಚಿ, ಮಾವನ ಕಿವಿಗೆ ಹೆಡ್‌ಫೋನ್ ಹಾಕಿಸಿ ಓಡಿಸಿದೆ. ಕಾರ್ಡು ಬದಲಾಯಿಸಿದ್ದು ನಾನು, ಅಂಕಿ ಬರೆದದ್ದು ನಾನು. ಎರಡನೇ ದಿನ ಮಧ್ಯಾಹ್ನ ಮಾವನ ಬಲಗೈ ಹೆಬ್ಬೆರಳು ಊದಿಕೊಂಡಿತು. ಅರವತ್ತೇಳು ವರ್ಷದ ಕೈ. ನಿಲ್ಲಿಸಿ ಎಂದರೆ ಕೇಳುವುದಿಲ್ಲ. ಐಸ್ ತಂದು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಕೂತೆ. ಅವರು ಓಡದಿದ್ದರೆ ಸಂಚಿಕೆ ಇನ್ನೂ ತಡವಾಗುತ್ತದಲ್ಲ, ಅದಕ್ಕೆ.

ಒಮ್ಮೆ ಹೆಡ್‌ಫೋನ್ ತೆಗೆದು ಕೇಳಿದರು: “ಅಳಿಯಂದಿರೇ, ಆ ಸಮುದ್ರದಾಚೆ ಏನಿದೆ?”

“ಅಲ್ಲಿಗೆ ಹೋಗೋಕಾಗಲ್ಲ ಮಾವ. ಬರೀ ಚಿತ್ರ.”

“ಚೆನ್ನಾಗಿದೆ” ಎಂದರು. ಇಷ್ಟು ದಿನ ಅದನ್ನು ನೋಡುತ್ತಲೇ ಇದ್ದರು ಎಂದಾಯಿತು.

ಚಿಕ್ಕಣ್ಣನಿಗೆ ಎಪ್ಪತ್ತೊಂದು. ಐದು ಸಲವೂ. ಪಾಪ, ಅದರದ್ದೇನು ತಪ್ಪು? ಎಪ್ಪತ್ತೊಂದು ಒಳ್ಳೆಯ ಅಂಕಿಯೇ. ಅಷ್ಟು ಚಿಕ್ಕ ಕಾರ್ಡಿಗೆ ಅದು ಬಹಳ. ಹಾಗೆಂದೇ ಬರೆದಿದ್ದರೆ ಸಾಕಿತ್ತು.

ಜುಲೈ 2, ಮಂಗಳವಾರ

ತಪ್ಪೊಪ್ಪಿಗೆ ಬರೆದು ಕೊಟ್ಟೆ. ಎರಡು ಪ್ಯಾರಾ. ಪಟ್ಟಿಯ ಕೆಳಗೆ ಹೆಸರು ಹಾಕುವಾಗ ಮೇಡಂ ಕೇಳಿದರು, ಇಬ್ಬರದ್ದೂ ಹಾಕೋಣವೇ ಎಂದು. ನನ್ನದನ್ನು ಬಿಟ್ಟುಬಿಡುತ್ತಾರೆಂದು ತಿಳಿದಿದ್ದೆ. ಮಾವನ ಹೆಸರು ಮೇಲೆ ಹಾಕಿ, ನನ್ನದು ಕೆಳಗೆ ಸಣ್ಣ ಅಕ್ಷರದಲ್ಲಿ ಎಂದೆ. ವಯಸ್ಸಿಗೊಂದು ಮರ್ಯಾದೆ ಬೇಕಲ್ಲ. ಬೇರೇನೂ ಅಲ್ಲ.

ಜುಲೈ 6, ಶನಿವಾರ

ಮಾವ ಬೆಳಿಗ್ಗೆ ಹೊರಟರು. ಟೈಲ್ಸ್ ಕೆಲಸ ಮುಗಿಯಿತು. ಬಸ್ ಹತ್ತುವಾಗ ಏನಾದರೂ ಹೇಳುತ್ತಾರೆಂದುಕೊಂಡೆ. “ಎ.ಸಿ. ಫಿಲ್ಟರ್ ತೊಳೆಸಿ” ಎಂದರು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಹೆಂಡತಿ ಕೈ ಬೀಸುತ್ತಿದ್ದಳು. ನಾನೂ ಬೀಸಿದೆ. ಅವಳೊಬ್ಬಳೇ ಬೀಸುವುದು ಚೆನ್ನಾಗಿರುವುದಿಲ್ಲ.

ತಮ್ಮನ ಊರಿಗೆ ಹೋಗಿ, ಅಲ್ಲಿಂದ ಮನೆಗೆ ಹೋಗುತ್ತಾರಂತೆ. ಎಷ್ಟೋ ವರ್ಷವಾಯಿತಂತೆ ನೋಡಿ.

ಜುಲೈ 9, ಮಂಗಳವಾರ

ಸಂಚಿಕೆ ನಿನ್ನೆ ಬಂತು. ಬೆಳಿಗ್ಗೆಯಿಂದ ಫೋನ್ ಬಿಡುವಿಲ್ಲ. ಬೈಯುವವರು ಬೈದರು, ಅದನ್ನು ಕೇಳಲೇಬೇಕು, ಕೇಳಿದೆ. ಒಬ್ಬರು ಚಿಕ್ಕಣ್ಣನನ್ನು ನಮ್ಮ ಆಫೀಸಿನ ಕಿಟಕಿಗೆ ಎಸೆಯುತ್ತೇನೆ ಎಂದರು. ಎಸೆಯಬೇಡಿ, ಎಪ್ಪತ್ತೊಂದು ಕೆಟ್ಟದ್ದಲ್ಲ ಎಂದೆ. ಆದರೆ ಅರ್ಧಕ್ಕರ್ಧ ಜನ ಕೇಳಿದ್ದು ಮಾವನನ್ನು. ಬಟ್ಟೆ ಮುಚ್ಚಿ ತೂಗಿದ ಆ ಹಿರಿಯರು ಯಾರು, ಅವರ ಜೊತೆ ಮಾತಾಡಬೇಕು, ಅವರು ಹೇಳಿದರೆ ನಂಬುತ್ತೇವೆ. ಹನ್ನೊಂದು ವರ್ಷದಲ್ಲಿ ನನ್ನನ್ನು ಕೇಳಿ ಇಷ್ಟು ಫೋನ್ ಬಂದಿಲ್ಲ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ, ಚೆನ್ನಾಗಿಯೇ ಉರಿಯಿತು.

ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ಇನ್ನೊಂದು. ವಯಸ್ಸಾದ ಹೆಂಗಸಿನ ದನಿ. ಮೊಮ್ಮಗಳಿಗೆ ಕಾರ್ಡು ಕೊಡಿಸಬೇಕಂತೆ, ಯಾವುದು ಅಂತ ತಿಳಿಯುತ್ತಿಲ್ಲವಂತೆ.

“ಆ ಹಿರಿಯರು ಇದ್ದಾರಾ?”

“ಇಲ್ಲಮ್ಮ. ಊರಿಗೆ ಹೋಗಿದಾರೆ.”

“ಅಯ್ಯೋ. ಮತ್ತೆ ನೀವ್ಯಾರು?”

ಹಿರಿಯ ಪರೀಕ್ಷಕ ಎನ್ನಬಹುದಿತ್ತು. ನನ್ನ ಬಾಗಿಲ ಮೇಲೆ ಹಾಗೇ ಬರೆದಿದೆ. ಹೆಸರು ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

“ನಾನು ಅವರ ಅಳಿಯ.”

“ಹೌದಾ! ಅವರ ಕೈಕೆಳಗೆ ಕೆಲಸ ಕಲಿತಿದೀಯೇನಪ್ಪಾ?”

“ಕಲಿತಿದೀನಮ್ಮ” ಎಂದೆ.

“ಹಾಗಾದ್ರೆ ನೀನೇ ಹೇಳು.”

ಹೇಳಿದೆ.